ಯಾರು ತುಳಿಯುತ್ತಿದ್ದರೆಂದು ನನಗೆ ಗೊತ್ತಿತ್ತು

ಹಳೆಯ ಬಣ್ಣ ಬೆಂಕಿಯಲ್ಲಿ ಸುಡುವ ವಾಸನೆ, ಅದರೊಳಗೆ ಬೆರೆತ ಪಂಕ್ಚರ್ ಸಲ್ಯೂಷನ್ನಿನ ಸಿಹಿ ಘಾಟು. ಬಾಲ್ಯವೆಂದರೆ ನನಗೆ ಇದೇ ನೆನಪು. ಈಗಲೂ ಓಣಿಯಲ್ಲಿ ಯಾರಾದರೂ ಗೇಟಿಗೆ ವೆಲ್ಡಿಂಗ್ ಮಾಡಿಸುತ್ತಿದ್ದರೆ ನನ್ನ ಮೈಯ ಕಬ್ಬಿಣ ಸಣ್ಣಗೆ ಎಚ್ಚರಗೊಳ್ಳುತ್ತದೆ.

ನಾನು ಒಂದು ಜೋಡಿ ಸೈಕಲ್ಲು. ಸೀಟು ಎರಡು, ಪೆಡಲು ಎರಡು ಜೊತೆ, ಗಾಲಿ ಮಾತ್ರ ಎಲ್ಲರಿಗಿರುವಷ್ಟೇ. ಗದಗಿನ ಮೌಲಾಸಾಬರ ಅಂಗಡಿಯಲ್ಲಿ ಹುಟ್ಟಿದೆ. ನನ್ನ ಮುಂದಿನ ಅರ್ಧ ತೋಂಟಪ್ಪನವರ ಸೈಕಲ್ಲು, ಹಿಂದಿನ ಅರ್ಧ ಅವರ ಹೆಂಡತಿ ನೀಲಗಂಗಾ ಅವರು ಕಾಲೇಜಿಗೆ ಹೋಗುವಾಗಿನ ಲೇಡೀಸ್ ಸೈಕಲ್ಲು. ಎರಡನ್ನೂ ಕೊಯ್ದು, ನಡುವೆ ಪೈಪಿಟ್ಟು, ಬೆಸೆದು ಒಂದು ಮಾಡಿದರು. ಬಲಗಡೆ ಎಲ್ಲ ಸೈಕಲ್ಲಿಗೂ ಇರುವಂತೆ ಹಿಂದಿನ ಗಾಲಿಗೆ ಒಂದು ಚೈನು. ಎಡಗಡೆ ಇನ್ನೊಂದು ಉದ್ದನೆಯ ಚೈನು, ಮುಂದಿನ ಪೆಡಲನ್ನೂ ಹಿಂದಿನ ಪೆಡಲನ್ನೂ ಕಟ್ಟಿಹಾಕಲು. ಅದರಿಂದಾಗಿ ಒಬ್ಬರ ಕಾಲು ತಿರುಗಿದರೆ ಇನ್ನೊಬ್ಬರ ಕಾಲೂ ತಿರುಗಲೇಬೇಕು. ಹೊರಗೆ ನಿಂತು ನೋಡಿದವರಿಗೆ ಇಬ್ಬರೂ ತುಳಿಯುತ್ತಿರುವಂತೆಯೇ ಕಾಣುತ್ತದೆ. ಭಾರ ಯಾರ ಕಾಲಿನದು ಎಂಬುದು ನನಗೊಂದಕ್ಕೇ ತಿಳಿಯುವ ಸಂಗತಿ, ಮತ್ತು ನನಗೆ ಬಾಯಿಲ್ಲ.

ನನ್ನನ್ನು ಮಾಡಿಸಿದ್ದು ನೀಲಗಂಗಾ ಅವರ ಒಂದು ಆಸೆಗಾಗಿ. ಅವರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಕಪ್ಪು ಹಲಗೆಯ ಮೇಲೆ ಸಾವಿರ ಸಲ ಮಲಪ್ರಭೆಯ ಗೆರೆ ಎಳೆದು, ಅದನ್ನು ಕೃಷ್ಣೆಯ ಗೆರೆಗೆ ಕೂಡಿಸಿದ್ದರು. ನಿವೃತ್ತಿಯಾದ ಮೇಲೆ ಆ ಗೆರೆಯ ಪಕ್ಕದಲ್ಲೇ, ಸವದತ್ತಿಯ ಆಣೆಕಟ್ಟೆಯಿಂದ ಕೂಡಲಸಂಗಮದವರೆಗೆ, ತಮ್ಮ ಕಾಲಿನಿಂದಲೇ ಹೋಗಬೇಕೆಂದರು. ಬಸ್ಸಿನಲ್ಲಿ ಹೋದರೆ ನದಿ ಕಾಣುವುದಿಲ್ಲ, ಸೇತುವೆ ಮಾತ್ರ ಕಾಣುತ್ತದೆ ಎನ್ನುವುದು ಅವರ ವಾದ.

ತೋಂಟಪ್ಪನವರು ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರು. ಅವರು ಒಪ್ಪಿದರು. ಆದರೆ ಎರಡು ಸೈಕಲ್ಲಾದರೆ ಹೆಂಡತಿ ಹಿಂದೆ ಬಿದ್ದು ವೇಳೆ ಕೆಡುತ್ತದೆ, ಒಂದೇ ಇರಲಿ ಎಂದರು. ನಿಜವಾಗಿ ಅದು ವೇಳೆಗಾಗಿಯೋ ಬೇರೆ ಯಾತಕ್ಕಾಗಿಯೋ, ಇಂದಿಗೂ ನನಗೆ ಖಾತ್ರಿಯಿಲ್ಲ. ಏಳು ದಿನಗಳ ವೇಳಾಪಟ್ಟಿ ಬರೆದು, ಪ್ಲಾಸ್ಟಿಕ್ ಹಾಕಿಸಿ, ನನ್ನ ಹ್ಯಾಂಡಲಿಗೆ ಕಟ್ಟಿದರು. ಚಹಾಕ್ಕೆ ಹನ್ನೆರಡು ನಿಮಿಷ, ಡೇರೆ ಹೊಡೆಯಲು ಇಪ್ಪತ್ತು. ನದಿ ನೋಡಲು ಅದರಲ್ಲಿ ಜಾಗವೇ ಇರಲಿಲ್ಲ.

ಮೊದಲ ದಿನ ಚೆನ್ನಾಗಿತ್ತು. ಮುಂದಿನ ಪೆಡಲಿನಲ್ಲೂ ಹಿಂದಿನ ಪೆಡಲಿನಲ್ಲೂ ಸಮಭಾರ. ಎರಡನೆಯ ದಿನ ಮಧ್ಯಾಹ್ನ ಮುಂದಿನ ಪೆಡಲು ಹಗುರಾಯಿತು. ಸಂಜೆಯ ಹೊತ್ತಿಗೆ ಅದರ ಮೇಲೆ ಎರಡು ಚಪ್ಪಲಿ ಇಟ್ಟಷ್ಟೇ ತೂಕ. ತೋಂಟಪ್ಪನವರ ಕಾಲು ನನ್ನ ಜೊತೆ ಸುಮ್ಮನೆ ಸುತ್ತುತ್ತಿತ್ತು, ಗಾಣದ ಮರದ ಮೇಲೆ ಕೂತು ಸುತ್ತುವವರ ಹಾಗೆ. ಆದರೆ ಬಾಯಿ ಸುಮ್ಮನಿರಲಿಲ್ಲ. ಗಡಿಯಾರ ನೋಡುವುದು, ಹದಿನೇಳು ನಿಮಿಷ ಲೇಟು ಎನ್ನುವುದು, ಹಿಂದಿನಿಂದ ಜೋರು ಬರುತ್ತಿಲ್ಲ ಎನ್ನುವುದು.

"ತುಳಿಯಾಕತ್ತೀನ್ರಿ," ಎನ್ನುತ್ತಿದ್ದರು ನೀಲಗಂಗಾ.

"ತುಳದ್ರ ಗಾಡಿ ಯಾಕ ಓಡವಲ್ದು ಮತ್ತ?"

ಇದಕ್ಕೆ ಉತ್ತರ ಗೊತ್ತಿದ್ದದ್ದು ನನಗೆ. ಸಿಟ್ಟು ಬಂದಾಗ ನಾನು ಮಾಡಬಹುದಾದದ್ದು ಕಿರುಗುಟ್ಟುವುದು ಮಾತ್ರ. ಕಿರುಗುಟ್ಟಿದೆ. ನೀಲಗಂಗಾ ಇಳಿದು ಎಣ್ಣೆ ಬಿಟ್ಟರು.

ಕೊಣ್ಣೂರು ದಾಟಿದ ಮೇಲೆ ಮಳೆ ಬಂತು. ಎರೆಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿ ಕಚ್ಚಿಕೊಂಡಿತು. ನೀಲಗಂಗಾ ಒಂದು ಕಡ್ಡಿ ಹಿಡಿದು ಮಣ್ಣು ಕೀಳುತ್ತಿದ್ದರೆ, ಇವರು ಪಕ್ಕದಲ್ಲಿ ನಿಂತು ಎಷ್ಟು ನಿಮಿಷ ಹೋಯಿತು ಎಂದು ಹೇಳುತ್ತಿದ್ದರು. ಹೊಳೆಆಲೂರಿನಲ್ಲಿ ಡೇರೆಯ ಒಂದು ಕೋಲು ಕಾಣಲಿಲ್ಲ. ಅದನ್ನು ಸವದತ್ತಿಯಲ್ಲೇ ಬಿಟ್ಟದ್ದು ಯಾರು ಎಂಬ ಬಗ್ಗೆ ಅರ್ಧ ತಾಸು ಮಾತಾಯಿತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕಿ ಏನೂ ಕೇಳದೆ ತನ್ನ ಹೊಲದ ಬೇಲಿಯಿಂದ ಒಂದು ಗಳ ಕಿತ್ತು ಡೇರೆಯ ಪಕ್ಕ ಇಟ್ಟು ಹೋದಳು. ಇಂಥವು ದಾರಿಯುದ್ದಕ್ಕೂ ನಡೆದವು. ಒಂದು ಊರಿನ ಶಾಲೆಯ ಕಟ್ಟೆಯ ಮೇಲೆ ಇಳಿದುಕೊಂಡಾಗ ಅಲ್ಲಿನ ಅಡುಗೆಯಾಕೆ ನನ್ನ ಸೀಟು ನೆನೆಯದಿರಲೆಂದು ಗೋಣಿಚೀಲ ಹೊದಿಸಿದಳು. ಇಬ್ಬರೂ ಮೋರೆ ಊದಿಸಿಕೊಂಡು ಕೂತಿದ್ದರಿಂದ ಇದನ್ನೆಲ್ಲ ಕಂಡದ್ದು ನಾನು.

ಪಟ್ಟದಕಲ್ಲಿನಲ್ಲಿ ನದಿ ಉತ್ತರಕ್ಕೆ ತಿರುಗುತ್ತದೆ. ಆ ತಿರುವನ್ನು ನೋಡಬೇಕೆಂದು ನೀಲಗಂಗಾ ವರ್ಷಗಟ್ಟಲೆ ಕಾದಿದ್ದರು. ನೀರಿನ ಅಂಚಿಗೆ ಹೋಗಿ ಬರಲು ಅವರಿಗೆ ಸಿಕ್ಕಿದ್ದು ಏಳು ನಿಮಿಷ. ಹಿಂದಿರುಗಿ ಬಂದಾಗ ಸೆರಗಿಲ್ಲದ್ದರಿಂದ ಹೊಸ ಚೂಡಿದಾರದ ವೇಲಿನಲ್ಲಿ ಮುಖ ಒರೆಸಿಕೊಂಡರು. ಬೆವರೋ ಏನೋ, ನಾನು ಕೆಳಗಿನಿಂದ ನೋಡುವುದರಿಂದ ಸರಿಯಾಗಿ ಕಾಣಲಿಲ್ಲ. ಮತ್ತೆ ಹಿಂದಿನ ಸೀಟು. ಮತ್ತೆ ಎದುರಿಗೆ ಗಂಡನ ಬೆನ್ನು.

ಆರನೆಯ ದಿನ ಬೆಳಿಗ್ಗೆ ಐಹೊಳೆಯ ಹತ್ತಿರ ಸ್ಟೋವು ಹತ್ತಲಿಲ್ಲ, ಚಹಾ ಆಗಲಿಲ್ಲ. ತೋಂಟಪ್ಪನವರು ಹ್ಯಾಂಡಲಿನ ವೇಳಾಪಟ್ಟಿಯ ಮೇಲೆ ಬೆರಳಿಟ್ಟು, ಇದು ನಿನ್ನಿಂದ ಆಗುವ ಕೆಲಸವಲ್ಲ, ಕಮತಗಿಯಲ್ಲಿ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿ ಊರಿಗೆ ಹೋಗೋಣ ಎಂದರು. ಹೋದ ಕೂಡಲೇ ಮೌಲಾಸಾಬರಿಗೆ ಹೇಳಿ ಇದನ್ನು ಕೊಯ್ಯಿಸಿ ಮೊದಲಿನ ಹಾಗೆ ಎರಡು ಮಾಡಿಸುತ್ತೇನೆ, ನಿನ್ನದು ನಿನಗೆ, ನನ್ನದು ನನಗೆ ಎಂದೂ ಅಂದರು. ನೀಲಗಂಗಾ ಪಾತ್ರೆ ಕಟ್ಟುತ್ತಿದ್ದರು, ತಲೆ ಎತ್ತಲಿಲ್ಲ. ಸಂಗಮ ಇನ್ನು ಎರಡೇ ದಿನದ ದಾರಿಯಿತ್ತು. ನನ್ನ ನಡುವಿನ ಬೆಸುಗೆ ತಣ್ಣಗಾಯಿತು.

ಕಮತಗಿಯ ದಾರಿ ಹಿಡಿದೆವು. ಒಂದು ಹಳ್ಳ ದಾಟುತ್ತ ಕಲ್ಲಿನ ಮೇಲೆ ಹಾರಿದಾಗ ಎಡಗಡೆಯ ಉದ್ದನೆಯ ಚೈನಿನ ಲಾಕು ಬಿಚ್ಚಿತು. ಚೈನು ಹಾವಿನಂತೆ ಜಾರಿ ರಸ್ತೆಗೆ ಬಿತ್ತು. ಹಿಂದೆ ಕೂತವರಿಗೆ ಕಲ್ಲು ಸಿಡಿದ ಸಪ್ಪಳದಂತೆ ಕೇಳಿಸಿರಬೇಕು. ಮುಂದೆ ಕೂತವರಿಗೆ ಮಾತ್ರ ತಕ್ಷಣ ತಿಳಿಯಿತು, ಏಕೆಂದರೆ ಅವರ ಪೆಡಲು ತಿರುಗುವುದು ನಿಂತಿತು. ಬಗ್ಗಿ ನೋಡಿದರು. ಚೈನಿಲ್ಲ. ನಿಲ್ಲಿಸು ಎನ್ನಲು ಬಾಯಿ ತೆರೆದರು, ಮುಚ್ಚಿದರು. ನಾನು ಮೊದಲಿನ ವೇಗದಲ್ಲೇ ಹೋಗುತ್ತಿದ್ದೆ. ಒಂದು ಕೂದಲೆಳೆಯಷ್ಟೂ ನಿಧಾನವಾಗಿರಲಿಲ್ಲ.

ಆಗ ಅವರು ಏನು ಮಾಡಿದರೆಂದು ಹೇಳಲು ನನಗೇ ನಾಚಿಕೆಯಾಗುತ್ತದೆ. ಬರೀ ಗಾಳಿಯಲ್ಲಿ ಕಾಲು ತಿರುಗಿಸತೊಡಗಿದರು. ಹಿಂದಿನ ಕಾಲಿನ ಲಯಕ್ಕೆ ಸರಿಯಾಗಿ, ಉಸಿರು ಬಿಗಿಹಿಡಿದು, ಎರಡು ಕಿಲೋಮೀಟರು. ಐದು ದಿನಗಳಲ್ಲಿ ಅವರು ಅಷ್ಟು ಕಷ್ಟಪಟ್ಟು ತುಳಿದದ್ದು ಅದೇ ಮೊದಲು.

ಹಿಂದಿನಿಂದ ಹಾರ್ನು ಕೇಳಿಸಿತು. ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ಮೋಟರ್‌ಸೈಕಲ್ಲಿನವನೊಬ್ಬ ಮುಂದೆ ಬಂದು ಅಡ್ಡ ನಿಲ್ಲಿಸಿದ. ಕೊರಳಿಗೆ ಹಾರದಂತೆ ನನ್ನ ಚೈನು ಹಾಕಿಕೊಂಡಿದ್ದ. ಅಂಗಿಯೆಲ್ಲ ಕರಿ ಎಣ್ಣೆ.

"ಅಕ್ಕಾರ, ಇದು ನಿಮ್ದ ಏನ್ರಿ? ಹಳ್ಳದಾಗ ಬಿದ್ದಿತ್ತು. ಕೂಗಿದೆ, ನಿಮಗ ಕೇಳಸಲಿಲ್ಲ." ಆಮೇಲೆ ನನ್ನ ಎಡಮಗ್ಗುಲನ್ನು ನೋಡಿ ತಲೆ ಕೆರೆದುಕೊಂಡ. "ಇದು ಇಲ್ದ ಇಷ್ಟ ದೂರ ಹೆಂಗ ಬಂದ್ರಿ ಮತ್ತ?"

ನೀಲಗಂಗಾ ಇಳಿದು ನನ್ನ ಪಕ್ಕಕ್ಕೆ ಬಂದರು. ಮುಂದಿನ ಪೆಡಲನ್ನು ಬೆರಳಿನಿಂದ ತಳ್ಳಿದರು. ಅದು ಮಕ್ಕಳ ಗಿರಗಿಟ್ಟಲೆಯಂತೆ ಗಿರಗಿರ ತಿರುಗಿತು. ತಿರುಗಿ ತಿರುಗಿ ನಿಂತ ಮೇಲೆ ಕೇಳಿದರು.

"ಯಾವಾಗಿಂದ್ರಿ?"

"ಹಳ್ಳದಿಂದ."

"ಚೈನಲ್ರೀ. ನಿಮ್ಮ ಕಾಲು."

ಹಾಲಿನವನು ತನ್ನ ಕ್ಯಾನಿನ ಮುಚ್ಚಳ ಸರಿಯಾಗಿದೆಯೇ ಎಂದು ನೋಡುವವನಂತೆ ಆ ಕಡೆ ತಿರುಗಿದ. ತೋಂಟಪ್ಪನವರು ಗಡಿಯಾರದ ಪಟ್ಟಿಯನ್ನು ಸಡಿಲಿಸಿದರು, ಬಿಗಿದರು. ಎರಡನೆಯ ದಿನದಿಂದ ಎಂದರು. ಬಲಗಡೆಯ ಮೊಣಕಾಲು ಸವೆದಿದೆಯೆಂದು ಹೊರಡುವ ಮೊದಲೇ ಡಾಕ್ಟರು ಹೇಳಿದ್ದರು, ಸೈಕಲ್ಲು ಮುಟ್ಟಬೇಡ ಎಂದಿದ್ದರು.

"ಹೇಳಿದ್ರ ನೀ ಹೊರಡತಿದ್ದಿಲ್ಲ," ಎಂದರು.

"ಖರೇ, ಹೊರಡತಿದ್ದಿಲ್ಲ. ಆದ್ರ ದಿನಾ ನನ್ನ ಬೈದದ್ದು ಯಾಕ?"

ತೋಂಟಪ್ಪನವರು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನೋಡಿದರೆ ಕರುಣೆ ಬರುವಂತಿತ್ತು. ನೀಲಗಂಗಾ ಅವರಿಗೆ ಬರಲಿಲ್ಲ, ನನಗೂ ಆಗ ಬರಲಿಲ್ಲ. ಐದು ದಿನಗಳ ಭಾರ ಕಾಲಿನಲ್ಲಿರುವಾಗ ಕರುಣೆ ಅಷ್ಟು ಬೇಗ ಬರುವುದಿಲ್ಲ.

ಹಾಲಿನವನು ಲಾಕಿನ ಬದಲು ತಂತಿ ಸುತ್ತಿ ಚೈನು ಕೂಡಿಸಿದ. ಅದು ಮುಗಿಯುವವರೆಗೆ ನೀಲಗಂಗಾ ಚೀಲಗಳನ್ನು ಬಿಗಿದರು, ಹ್ಯಾಂಡಲಿನ ವೇಳಾಪಟ್ಟಿಯನ್ನು ಬಿಚ್ಚಿ ಡೇರೆಯೊಳಗೆ ಸುತ್ತಿಟ್ಟರು. ಆಮೇಲೆ ನನ್ನ ಮುಂದಿನ ಸೀಟಿನ ಮೇಲೆ ಕಾಲು ದಾಟಿಸಿ ಕೂತರು.

"ನೀವು ಹಿಂದ ಕುಂಡ್ರಿ. ತುಳೀಬ್ಯಾಡ್ರಿ. ಮಾತೂ ಬ್ಯಾಡ."

"ಕಮತಗಿ ಬಸ್‌ಸ್ಟ್ಯಾಂಡಿಗೇನು?"

"ಸಂಗಮಕ್ಕ."

ಇಬ್ಬರನ್ನು ಹೊತ್ತ ಹ್ಯಾಂಡಲು ಹಿಡಿದು ಅವರಿಗೆ ಅಭ್ಯಾಸವಿರಲಿಲ್ಲ. ಎಡಕ್ಕೆ ವಾಲಿದೆವು, ಬಲಕ್ಕೆ ವಾಲಿದೆವು. ಹಾಲಿನವನು ಹಿಂದಿನ ಸೀಟು ಹಿಡಿದುಕೊಂಡು ಹತ್ತಿಪ್ಪತ್ತು ಹೆಜ್ಜೆ ಓಡಿ ಬಂದ. ಬಿಟ್ಟದ್ದು ಯಾವಾಗೆಂದು ನನಗೂ ತಿಳಿಯಲಿಲ್ಲ.

ಕಮತಗಿಯಲ್ಲಿ ನಿಲ್ಲಲಿಲ್ಲ. ಎರಡು ದಿನದ ದಾರಿಗೆ ಮೂರೂವರೆ ದಿನ ಹಿಡಿಯಿತು. ನೀಲಗಂಗಾ ಎಲ್ಲೆಂದರಲ್ಲಿ ನಿಲ್ಲಿಸಿದರು, ಹೊಳೆಗೆ ಇಳಿದರು, ಪಂಪ್‌ಸೆಟ್ಟಿನವರ ಜೊತೆ ನೀರಿನ ಸುದ್ದಿ ಮಾತಾಡಿದರು. ಹಿಂದಿನ ಸೀಟಿನಲ್ಲಿ ತೋಂಟಪ್ಪನವರು ಹೇಳಿದಂತೆ ಸುಮ್ಮನೆ ಕೂತಿದ್ದರು. ಈಗ ಅವರಿಗೂ ಎದುರಿಗೆ ಒಂದು ಬೆನ್ನು. ಏರು ಬಂದಾಗ ಆ ಬೆನ್ನಿನ ಅಂಗಿ ಒದ್ದೆಯಾಗುವುದನ್ನು ನೋಡುತ್ತ, ಒಮ್ಮೊಮ್ಮೆ ತಡೆಯಲಾರದೆ ಎಡಗಾಲಿನಿಂದ ಒಂದಿಷ್ಟು ಒತ್ತುತ್ತಿದ್ದರು. ನೀಲಗಂಗಾ ಅವರಿಗೆ ಅದು ತಿಳಿಯುತ್ತಿತ್ತು. ಬೇಡ ಎನ್ನಲಿಲ್ಲ, ಶಹಬ್ಬಾಸ್ ಎಂದೂ ಅನ್ನಲಿಲ್ಲ.

ಸಂಗಮಕ್ಕೆ ಹೋಗಿ ನೋಡಿದರೆ ಅಲ್ಲಿಯೂ ನಿರಾಸೆ. ಕೃಷ್ಣೆಗೆ ಕೆಳಗೆ ಕಟ್ಟಿದ ಇನ್ನೊಂದು ಆಣೆಕಟ್ಟೆಯ ಹಿನ್ನೀರು ಕೆರೆಯ ಹಾಗೆ ಹರಡಿಕೊಂಡಿತ್ತು. ಎಲ್ಲಿ ಮಲಪ್ರಭೆ ಮುಗಿಯಿತು, ಎಲ್ಲಿ ಕೃಷ್ಣೆ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವಂತಿರಲಿಲ್ಲ. ಮೂವತ್ತೊಂದು ವರ್ಷ ಎರಡು ಗೆರೆ ಎಳೆದವರು ನನ್ನ ಹ್ಯಾಂಡಲಿಗೆ ಒರಗಿ ನಿಂತರು. ಹುಡುಗರಿಗೆ ತಪ್ಪು ಕಲಿಸಿದೆನೇನೋ ಎಂದರು. ಆ ಮೂರೂವರೆ ದಿನದಲ್ಲಿ ಅವರು ಗಂಡನಿಗೆ ತಾವಾಗಿ ಆಡಿದ ಮೊದಲ ಮಾತು ಅದು.

ಊರಿಗೆ ಬಂದ ಮೇಲೆ ನನ್ನನ್ನು ಕೊಯ್ಯುವ ಮಾತನ್ನು ಯಾರೂ ಎತ್ತಲಿಲ್ಲ. ನಾಲ್ಕೈದು ವರ್ಷ ಗದಗಿನ ಓಣಿಗಳಲ್ಲಿ ತಿರುಗಿದೆ, ಮುಂದೆ ನೀಲಗಂಗಾ, ಹಿಂದೆ ತೋಂಟಪ್ಪನವರು. ನಂತರ ನನ್ನ ನಡುವಿನ ಬೆಸುಗೆ ಸೀಳಿತು. ಮೌಲಾಸಾಬರು ಕನ್ನಡಕ ಏರಿಸಿ ನೋಡಿ, ಮತ್ತೆ ಸುಟ್ಟರೆ ತಡೆಯುವುದಿಲ್ಲ, ಬೇಕಾದರೆ ಎರಡು ಮಾಡಿ ಕೊಡುತ್ತೇನೆ ಎಂದರು.

"ಬ್ಯಾಡ ಸಾಬರ," ಎಂದರು ತೋಂಟಪ್ಪನವರು. ನೀಲಗಂಗಾ ಇನ್ನೂ ಬಾಯಿ ತೆರೆದಿರಲಿಲ್ಲ.

ಈಗ ನಾನು ಅವರ ಹಿತ್ತಿಲಲ್ಲಿ, ನೀರಿನ ತೊಟ್ಟಿಯ ಪಕ್ಕ, ಸೀಳಿದ ನಡುವಿಗೆ ಆಸರೆ ಕೊಟ್ಟ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಂತಿದ್ದೇನೆ. ಹಿಂದಿನ ಗಾಲಿ ನೆಲ ಮುಟ್ಟುವುದಿಲ್ಲ. ತೋಂಟಪ್ಪನವರ ಮೊಣಕಾಲಿಗೆ ಆಪರೇಷನ್ ಆಯಿತು. ಭಾರ ಹಾಕದೆ ದಿನಾ ಕಾಲು ಆಡಿಸಬೇಕೆಂದು ಡಾಕ್ಟರು ಹೇಳಿದ್ದಾರೆ. ಅದಕ್ಕಾಗಿ ಅವರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ನೀಲಗಂಗಾ ಮುಂದಿನ ಸೀಟಿನಲ್ಲಿ ಕೂತು ನಿಧಾನವಾಗಿ ತುಳಿಯುತ್ತಾರೆ. ಅವರ ತುಳಿತಕ್ಕೆ ಇವರ ಕಾಲು ಸುತ್ತುತ್ತದೆ. ಊರೂ ಬರುವುದಿಲ್ಲ, ನದಿಯೂ ಬರುವುದಿಲ್ಲ. ಮುದಿ ಸೈಕಲ್ಲಿಗೆ ಇದು ಬೇಸರದ ಕೆಲಸ, ಸುಳ್ಳೇಕೆ ಹೇಳಲಿ? ಸಾಕೆನಿಸಿದ ದಿನ ಕಿರುಗುಟ್ಟುತ್ತೇನೆ. ಈಗಲೂ ಎಣ್ಣೆಯೇ ಬಿಡುತ್ತಾರೆ. ಜೀವಮಾನವಿಡೀ ಇಬ್ಬರ ಭಾರ ಅಳೆಯುತ್ತ ಬಂದ ನನಗೆ ಒಂದು ಮಾತ್ರ ಅರ್ಥವಾಗಿದೆ: ಯಾರ ಕಾಲು ಎಷ್ಟು ತುಳಿಯಿತೆಂದು ಪೆಡಲಿಗೆ ತಿಳಿಯುತ್ತದೆ, ಯಾಕೆ ತುಳಿಯಿತೆಂದು ತಿಳಿಯುವುದಿಲ್ಲ.

ನಿನ್ನೆ ಮಧ್ಯಾಹ್ನ ನೀಲಗಂಗಾ ಬಹಳ ಹೊತ್ತು ತುಳಿದು ದಣಿದು, ಇಳಿಯದೆ ಹ್ಯಾಂಡಲಿನ ಮೇಲೆ ಕೈಯೂರಿ ಕೂತಿದ್ದರು. ತೋಂಟಪ್ಪನವರು ಕೆಳಗಿಳಿದು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಒಳಗೆ ಪಾತ್ರೆಯ ಸಪ್ಪಳವಾಯಿತು, ಏನೋ ಬಿತ್ತು, ಮತ್ತೆ ಸುಮ್ಮನಾಯಿತು. ಸ್ವಲ್ಪ ಹೊತ್ತಿನಲ್ಲಿ ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈಯಲ್ಲಿ ತಾಟು. ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಚಟ್ನಿ, ಅಂಚಿನಲ್ಲಿ ಒಂದು ಹೋಳು ಉಳ್ಳಾಗಡ್ಡಿ. ನನ್ನ ಮುಂದಿನ ಗಾಲಿಯ ಹತ್ತಿರ ನಿಂತು ತಾಟನ್ನು ಅವರ ಕೈಗಿಟ್ಟರು.