ಗಾಳಿಗೆ ಹೆದರಿ ಕೆಳಗಿಳಿಸಿದ್ದು

ಚಂಡಮಾರುತ ಬರುತ್ತದೆ ಎಂದಾಗ ನಾವು ಹೆದರಿದ್ದೆಲ್ಲ ಗಾಳಿಗೆ. ನಮ್ಮದು ಹಾಸಿಗೆ ವ್ಯಾಪಾರ. ಬೀದಿಗೆ ಅಂಗಡಿ, ಅದರ ಮೇಲೆ ತಗಡಿನ ಸೂರಿನ ಮನೆ, ಕೆಳಗೆ ಹತ್ತಿ ತುಂಬಿಡುವ ನೆಲಮಾಳಿಗೆ. ತಗಡು ಹಾರಿದರೆ ಮೇಲಿದ್ದವರ ಗತಿ ಏನು ಎಂದು ಬೆಳಿಗ್ಗೆಯೇ ಎಲ್ಲವನ್ನೂ ಕೆಳಗಿಳಿಸಿದೆವು. ಹತ್ತಿ ಮೂಟೆ, ಹೊಲಿಗೆ ಯಂತ್ರ, ಕೊನೆಗೆ ಅತ್ತೆ. ಸೊಂಟದ ಮೂಳೆ ಮುರಿದು ಮಲಗಿದ್ದ ಅವರನ್ನು ನನ್ನ ಗಂಡ ಮತ್ತು ಪಕ್ಕದ ಲೇತ್ ಅಂಗಡಿಯ ದಪ್ಪಣ್ಣ ಸ್ಪಂಜಿನ ಹಾಸಿಗೆ ಸಮೇತ ಹೊತ್ತರು.

"ನಿಧಾನ ಕಣ್ರೋ, ನಾನೇನು ಮೂಟೆ ಅಲ್ಲ" ಎಂದು ಅತ್ತೆ ಮೆಟ್ಟಿಲುದ್ದಕ್ಕೂ ಬೈದರು.

ನನಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವರ ಬಾಯಿ ದೊಡ್ಡದು, ನನ್ನದೇನು ಚಿಕ್ಕದಲ್ಲ. ಆದರೆ ಕೆಳಗೆ ಹೋದಮೇಲೆ ಅವರ ಮುಖ ಅರಳಿತು. ಅಲ್ಲಿ ಬೀದಿಯ ಮಟ್ಟಕ್ಕೆ ಸರಳು ಹಾಕಿದ ಒಂದು ಕಿಟಕಿಯಿದೆ. ಅದರಲ್ಲಿ ಹೋಗಿಬರುವವರ ಕಾಲುಗಳಷ್ಟೇ ಕಾಣುತ್ತವೆ. "ಚಪ್ಪಲಿ ನೋಡಿ ಯಾರು ಅಂತ ಹೇಳ್ತೀನಿ, ನೋಡ್ತಿರು" ಎಂದು ಶುರುಹಚ್ಚಿಕೊಂಡರು.

ಮಧ್ಯಾಹ್ನ ರೇಡಿಯೊ ಹೇಳಿತು, ಚಂಡಮಾರುತ ದುರ್ಬಲಗೊಂಡಿದೆ ಎಂದು. ಇಡೀ ಬೀದಿಗೇ ಹೋದ ಜೀವ ಬಂದಂತಾಯಿತು. "ಇಷ್ಟೇನಾ ಇದರ ಹಣೆಬರಹ!" ಎಂದು ನಕ್ಕು ದಪ್ಪಣ್ಣ ಬೀದಿಯಾಚೆಯ ತನ್ನ ಮನೆಗೆ ಊಟಕ್ಕೆ ಹೋದ. ಅತ್ತೆಗೆ ಆಗಷ್ಟೇ ನಿದ್ದೆ ಹತ್ತಿತ್ತು. "ಅಮ್ಮನ್ನ ಸಂಜೆ ಮೇಲೆ ತಂದರಾಯ್ತು" ಎಂದು ಗಂಡ ಸೂರಿಗೆ ಬಿಗಿದ ಹಗ್ಗ ಬಿಚ್ಚಲು ಏಣಿ ಏರಿದರು.

ಗಾಳಿ ಪೂರ್ತಿ ನಿಂತಿತು. ನನಗದು ಹಿಡಿಸಲಿಲ್ಲ. ಮೋಡ ಮುಂದೆ ಹೋಗುವುದನ್ನು ಬಿಟ್ಟು ನಮ್ಮ ತಲೆಯ ಮೇಲೇ ಠಿಕಾಣಿ ಹೂಡಿತ್ತು. ಆಮೇಲೆ ಮಳೆ ನೆಟ್ಟಗೆ ಇಳಿಯಿತು, ಎದುರಿನ ಕಟ್ಟಡವೇ ಕಾಣದಷ್ಟು. ಕರೆಂಟು ಹೋಯಿತು.

ಬೀದಿ ನಡುವಿನ ಚರಂಡಿಯ ಕಬ್ಬಿಣದ ಮುಚ್ಚಳ ಟಕಟಕ ಸದ್ದು ಮಾಡತೊಡಗಿತು, ಒಳಗಿನಿಂದ ಯಾರೋ ಬಾಗಿಲು ಬಡಿದ ಹಾಗೆ. ನೋಡನೋಡುತ್ತಿದ್ದಂತೆ ಮಗುಚಿಬಿತ್ತು. ನೆಲದೊಳಗಿಂದ ಕಪ್ಪು ನೀರು ಉಕ್ಕಿ ಬೀದಿ ತುಂಬಿ, ನಮ್ಮ ಕಿಟಕಿಯ ಸರಳುಗಳ ನಡುವೆ ದಬದಬನೆ ಒಳಕ್ಕೆ ಧುಮುಕಿತು.

"ರೀ! ಅತ್ತೆ ಕೆಳಗಿದಾರೆ!" ಎಂದು ಕಿರುಚಿದೆ.

ಗಂಡ ಓಡಿದರು. ನೆಲಮಾಳಿಗೆಯ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಹತ್ತಿ ಮೂಟೆಗಳು ನೀರು ಕುಡಿದು ಊದಿ ಅದರ ಹಿಂದೆ ಗೋಡೆಯಂತೆ ಕೂತಿದ್ದವು. ಅವರು ಹೆಗಲಿನಿಂದ ಗುದ್ದುವುದು ಬೀದಿಗೂ ಕೇಳುತ್ತಿತ್ತು. ದಪ್ಪಣ್ಣನನ್ನು ಕರೆಯೋಣವೆಂದರೆ ನಡುವೆ ಹೊಳೆ.

ನನಗೆ ತೋಚಿದ್ದು ಒಂದೇ. ಬೀದಿಗಿಳಿದು ಕಿಟಕಿಗೆ ಬೆನ್ನು ಕೊಟ್ಟು ಕೂತೆ. ಒಳಕ್ಕೆ ನುಗ್ಗುವ ನೀರು ಅರ್ಧಕ್ಕರ್ಧ ತಗ್ಗಿತು, ಬೀದಿಯ ನೀರು ನನ್ನ ಎದೆಯವರೆಗೆ ಏರಿತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ಕೈ ಬಂದು ನನ್ನನ್ನು ತಡಕಿತು. ಹಾಸಿಗೆ ತೇಲಿ ಅತ್ತೆಯನ್ನು ಕಿಟಕಿಯವರೆಗೆ ಎತ್ತಿತ್ತು. ಕೈ ಹಿಂದೆ ಮಾಡಿ ಹಿಡಿದುಕೊಂಡೆ.

"ಯಾರೇ ಅದು?"

"ನಾನೇ ಅತ್ತೆ. ಕೈ ಬಿಡ್ಬೇಡಿ."

"ಎದ್ದು ಹೋಗೇ, ನೀನೂ ಮುಳುಗ್ತೀಯ."

"ಸುಮ್ನಿರಿ. ಈಗಲೂ ಜಗಳ ಬೇಕಾ?"

"ಕೈಯಲ್ಲಿ ಇಷ್ಟು ಬಲ ಇದೆಯಲ್ಲೇ! ಪಾತ್ರೆ ತಿಕ್ಕೋವಾಗ ಎಲ್ಲಿ ಹೋಗಿತ್ತು?"

ನಗುವೂ ಬಂತು, ಅಳುವೂ ಬಂತು. ಇಷ್ಟು ವರ್ಷದಲ್ಲಿ ಆ ಮುದುಕಿಯ ಮೇಲೆ ಅಂಥ ಪ್ರೀತಿ ಎಂದೂ ಉಕ್ಕಿರಲಿಲ್ಲ.

ಆದರೆ ನಾನು ಹಾಸಿಗೆ ಮಾರುವವಳು. ಹೊದಿಕೆ ನೆನೆದ ಮೇಲೆ ಸ್ಪಂಜು ಹೆಚ್ಚು ಹೊತ್ತು ತೇಲುವುದಿಲ್ಲವೆಂದು ನನಗೆ ಗೊತ್ತಿತ್ತು. "ಬೇಗ ಒಡೀರೀ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅತ್ತೆ ಏನೋ ಹೇಳಹೋಗಿ ಕೆಮ್ಮಿದರು. ಅವರ ಬೆರಳುಗಳು ನನ್ನ ಬೆರಳುಗಳನ್ನು ಹಿಂಡಿದವು. ನಾನು ಇನ್ನೂ ಬಿಗಿಯಾಗಿ ಹಿಡಿದೆ. ನೀರು ನನ್ನ ಗದ್ದ ಮುಟ್ಟಿತು.

ಕೊನೆಗೆ ಬಾಗಿಲು ಮುರಿದ ಸದ್ದು ಕೇಳಿಸಿತು.

"ಅಮ್ಮಾ! ಎಲ್ಲಿದೀಯಮ್ಮಾ?"

"ಇಲ್ಲೇ, ಕಿಟಕಿ ಹತ್ರ! ನನ್ನ ಕೈ ಹಿಡ್ಕೊಂಡಿದಾರೆ!" ಎಂದು ನಾನು ಹೊರಗಿನಿಂದ ಕೂಗಿದೆ.

ಗಂಡ ನೀರು ಸೀಳಿಕೊಂಡು ಬಂದರು. ಆಮೇಲೆ ಗಂಡನ ಬೆರಳುಗಳು ನನ್ನ ಬೆರಳುಗಳ ಮೇಲೆ ಬಂದವು.

"ಬಿಡೇ" ಎಂದರು.

"ನಾನೆಲ್ಲಿ ಹಿಡಿದಿದೀನಿ? ಅತ್ತೆನೇ ಬಿಡ್ತಿಲ್ಲ ಕಣ್ರೀ."

"ಅಮ್ಮ ಯಾವಾಗ್ಲೋ ಬಿಟ್ಟಿದಾಳೆ. ಹಿಡ್ಕೊಂಡಿರೋದು ನೀನು."