ದೇವೇಂದ್ರನ ಫೋನಿಗೆ ಬಂದ ಓಟಿಪಿ

ದೊಡ್ಡಬಳ್ಳಾಪುರದ ನೇಕಾರರ ಸಂಸ್ಥೆಯ ಮಹಡಿ ಕೋಣೆಯಲ್ಲಿ ಕೂತು ಅರುಣಾ ಸಂಸ್ಥೆಗಾಗಿ ತಾನೇ ಮಾಡಿದ ಹೊಸ ವೆಬ್‌ಸೈಟನ್ನು ಪರೀಕ್ಷಿಸುತ್ತಿದ್ದಳು. ಕೆಳಗೆ ಬೀದಿಯುದ್ದಕ್ಕೂ ಪವರ್‌ಲೂಮ್‌ಗಳು ಬಡಿದುಕೊಳ್ಳುತ್ತಿದ್ದವು. ಸಂಸ್ಥೆ ಬಹಳ ವರ್ಷಗಳಿಂದ ಕೂಡಿಟ್ಟ ಸೀರೆಯಂಚು, ಸೆರಗುಗಳ ಡಿಸೈನೆಲ್ಲ ಅದರಲ್ಲಿತ್ತು. ಹಳೆಯ ಡಿಸೈನುಗಳನ್ನು ಯಾರು ಬೇಕಾದರೂ ನೋಡಬಹುದು. ಈಗಲೂ ಮಗ್ಗದ ಮೇಲಿರುವುದಕ್ಕೆ ಮಾತ್ರ ಬೀಗ. ಆಯಾ ಮನೆಯವರು ಕೊಟ್ಟ ನಂಬರಿಗೆ ಓಟಿಪಿ ಹೋಗಬೇಕು, ಅದನ್ನು ಒತ್ತಿದರಷ್ಟೇ ತೆರೆಯಬೇಕು.

ಒಂದೊಂದೇ ಮನೆಗೆ ಓಟಿಪಿ ಕಳಿಸಿ ನೋಡುತ್ತಿರುವಾಗ ಅವಳ ಫೋನೇ ಬಡಿದುಕೊಂಡಿತು.

“ಅರುಣಕ್ಕ, ಏನಕ್ಕ ಇದು? ನನ್ ಫೋನ್ ಬೆಳಗ್ಗೆಯಿಂದ ಟಿಣ್ ಟಿಣ್ ಅಂತಾನೇ ಐತೆ. ಸಾಹುಕಾರ್ರು ಬೈತಾವ್ರೆ.”

ದೇವೇಂದ್ರ, ಪೇಟೆಯ ಸೀರೆ ಸಾಹುಕಾರರ ಅಂಗಡಿಯ ಗುಮಾಸ್ತ.

“ನಿನಗ್ಯಾಕೋ ಬರುತ್ತೆ?”

“ಎಲ್ಲಾರೂ ನನ್ ನಂಬರೇ ಕೊಟ್ಟವ್ರೆ. ಗ್ಯಾಸ್‌ಗೂ ನಂದೇ, ಕರೆಂಟ್ ಬಿಲ್‌ಗೂ ನಂದೇ. ನಿಮ್ದೂ ಹಂಗೇ ಬಂದಿರ್ಬೇಕು.”

ಅರುಣಾ ಹಣೆ ಹಿಡಿದುಕೊಂಡಳು. ನೇಯುವವರ ಫೋನು ನೂಲಿನ ಧೂಳಿಗೆ ಹೆದರಿ ಪ್ಲಾಸ್ಟಿಕ್ ಚೀಲದೊಳಗೆ ಮೊಳೆಗೆ ತೂಗುತ್ತಿರುತ್ತದೆ. ಮಗ್ಗದ ಸದ್ದಿನಲ್ಲಿ ಅದು ಬಡಿದುಕೊಂಡರೂ ಕೇಳಿಸುವುದಿಲ್ಲ. ಸೀರೆ ಒಯ್ಯಲು ಮನೆಮನೆಗೂ ಬರುವ ದೇವೇಂದ್ರನಿಗೇ ಎಲ್ಲರೂ ಇಂಥ ಕೆಲಸ ಒಪ್ಪಿಸಿಬಿಟ್ಟಿದ್ದರು. ಆದರೆ ಬೀಗ ಹಾಕಿದ್ದೇ ಅವನ ಸಾಹುಕಾರರ ಕಣ್ಣಿಗೆ ಬೀಳದಿರಲಿ ಎಂದು. ವರಮಹಾಲಕ್ಷ್ಮಿ ಹಬ್ಬಕ್ಕೆ ಮೊದಲೇ ಹೊಸ ಅಂಚು ಅವರಿಗೆ ಸಿಕ್ಕರೆ ಬೇರೆ ಊರಲ್ಲಿ ಅಗ್ಗಕ್ಕೆ ನೇಯಿಸಿ ತರುತ್ತಾರೆ. ಮೊದಲು ನೇಯ್ದವರ ಸೀರೆ ಮನೆಯಲ್ಲೇ ಉಳಿಯುತ್ತದೆ.

ಅವಳು ಮನೆಮನೆಗೆ ಹೋಗಿ ಸ್ವಂತ ನಂಬರು ಕೇಳಿದಳು.

“ಓಟಿಪಿ ಯಾರ್ಗೂ ಹೇಳ್ಬೇಡಿ ಅಂತ ಟೀವಿಯಲ್ಲಿ ದಿನಾ ಬರ್ತದೆ. ನೀನು ಬಂದು ಕೇಳ್ತೀಯಲ್ಲಮ್ಮ” ಎಂದ ಒಬ್ಬ.

“ನಾನು ಓಟಿಪಿ ಕೇಳ್ತಿಲ್ಲ. ಅದು ನಿಮಗೇ ಬರ್ಲಿ ಅಂತ.”

“ನಮಗ್ಯಾಕೆ? ದೇವೇಂದ್ರನಿಗೆ ಬರ್ತದಲ್ಲ.”

ಕೊನೆಗೆ ಅಧ್ಯಕ್ಷರಾದ ಚೌಡಯ್ಯನವರ ಬಳಿ ಹೋದಳು.

“ದೇವೇಂದ್ರ ಒಳ್ಳೆ ಹುಡುಗ ಕಣಮ್ಮ.”

“ಹುಡುಗ ಒಳ್ಳೆಯವನೇ ಸಾರ್. ಅವನ ಫೋನ್ ಇರೋದು ಸಾಹುಕಾರ್ರ ಗಲ್ಲಾ ಮೇಲೆ.”

“ಭಾನುವಾರ ಉದ್ಘಾಟನೆ ಆಗೋಗ್ಲಿ, ಆಮೇಲೆ ನೋಡೋಣ. ಬೆಂಗಳೂರಿಂದ ದಾನಿಗಳು ಬರ್ತಾರೆ. ಬೀಗ ಹೆಂಗೆ ತೆಗೀತದೆ ಅಂತ ನಾಗಲಕ್ಷ್ಮಮ್ಮನ ಡಿಸೈನಲ್ಲೇ ತೋರಿಸ್ತೀನಿ. ಹೊಸದಲ್ವಾ ಅದು.”

ನಾಗಲಕ್ಷ್ಮಮ್ಮನಿಗೆ ಇದ್ದದ್ದು ಎರಡೇ ಮಗ್ಗ. ಈ ಹಬ್ಬಕ್ಕೆಂದು ಅವರೆಕಾಯಿ ಹೂವಿನ ಬಳ್ಳಿಯಂಚನ್ನು ತಾವೇ ಬರೆದಿದ್ದರು. ಬ್ಯಾಂಕ್ ಲಾಕರ್‌ನಲ್ಲಿ ಇಟ್ಟ ಹಾಗೆ ಎಂದು ಹೇಳಿ ಅವರಿಂದ ಅದನ್ನು ತಂದವರು ಚೌಡಯ್ಯನವರೇ.

ಅರುಣಾ ನಾಗಲಕ್ಷ್ಮಮ್ಮನ ಮನೆಗೆ ಹೋಗಿ ವಿಷಯ ಹೇಳಿದಳು. ಅವರು ಮಗ್ಗ ನಿಲ್ಲಿಸಿದರು.

“ಸಾಹುಕಾರ್ರು ನೋಡ್ಬಿಟ್ರಾ?”

“ಇನ್ನೂ ಇಲ್ಲ ದೊಡ್ಡಮ್ಮ. ನೋಡಿದ್ರೆ ನನಗೆ ಗೊತ್ತಾಗುತ್ತೆ.”

“ನೇಯ್ದಿದ್ನೆಲ್ಲ ಬೀರುವಲ್ಲಿಟ್ಟು ಬೀಗ ಹಾಕಿದ್ದೀನಿ. ದೇವೇಂದ್ರ ಬಂದಾಗ ಮಗ್ಗದ ಮೇಲೆ ಪಂಚೆ ಹಾಸ್ತೀನಿ.”

“ಪಂಚೆ ಹಾಸ್ತೀರ, ನಂಬರ್ ಮಾತ್ರ ಅವನದ್ದೇ ಕೊಟ್ಟಿದ್ದೀರ.”

“ನಂಬರ್‌ಗೂ ಸೀರೆಗೂ ಏನಮ್ಮ ಸಂಬಂಧ?”

ಅರುಣಾಗೆ ಸಾಕಾಯಿತು. “ಹೋಗ್ಲಿ, ನಿಮ್ಮ ನಂಬರ್ ಹೇಳಿ.”

“ಅದು ದೇವೇಂದ್ರಂಗೇ ಗೊತ್ತು. ಸಿಮ್ಮು ಅವನ ಹೆಸ್ರಲ್ಲೇ ಐತೆ.”

ಅರುಣಾ ಮಗ್ಗದ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟಳು. ನಾಗಲಕ್ಷ್ಮಮ್ಮ ಅವಳಿಗೆ ನೀರು ತಂದುಕೊಟ್ಟರು.

“ನನ್ ಡಿಸೈನ್ನ ಅದ್ರಿಂದ ತೆಗೆದ್ಬಿಡಮ್ಮ” ಎಂದರು ಆಮೇಲೆ. “ಹಬ್ಬ ಕಳೀಲಿ. ಚೌಡಯ್ಯನಿಗೆ ನಾನ್ ಹೇಳ್ಕೋತೀನಿ.”

ಭಾನುವಾರ ಸಂಸ್ಥೆಯ ಹಾಲಿನಲ್ಲಿ ದಾನಿಗಳು ಮುಂದಿನ ಸಾಲಿನಲ್ಲಿ ಕೂತಿದ್ದರು. ಗೋಡೆಯ ಪರದೆಯ ಮೇಲೆ ನಾಗಲಕ್ಷ್ಮಮ್ಮನ ಹೆಸರು, ಅದರ ಕೆಳಗೆ ಓಟಿಪಿಯ ಖಾಲಿ ಚೌಕ. ಚೌಡಯ್ಯನವರು ಮೈಕಿನ ಹತ್ತಿರವೇ ಫೋನ್ ಹಿಡಿದು ಸ್ಪೀಕರ್ ಹಾಕಿದರು.

“ದೇವೇಂದ್ರ, ಒಂದು ನಂಬರ್ ಬಂದಿರ್ಬೇಕು ನೋಡಪ್ಪಾ.”

“ಇರಿ ಅಣ್ಣ, ಬಂತು.”

ಫೋನಿನಲ್ಲಿ ಅವನ ಹಿಂದಿನಿಂದ ಸಾಹುಕಾರರ ದನಿ ಹಾಲಿಗೆಲ್ಲ ಕೇಳಿಸಿತು. “ಯಾರ್ದೋ ಅದು?”

“ನಾಗಲಕ್ಷ್ಮಮ್ಮಂದು. ಹೊಸ ಡಿಸೈನಂತೆ.”

“ಹೌದಾ? ಕೊಡಿಲ್ಲಿ, ನಾವೂ ನೋಡೋಣ.”

ಅರುಣಾ ಹಿಂದಿನ ಸಾಲಿನತ್ತ ತಿರುಗಿದಳು. ನಾಗಲಕ್ಷ್ಮಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಪರದೆಯನ್ನೇ ನೋಡುತ್ತಿದ್ದರು.

ದೇವೇಂದ್ರ ಓದಿದ ಅಂಕಿಗಳನ್ನು ಚೌಡಯ್ಯನವರು ಒತ್ತಿದರು. ಬೀಗ ತೆರೆಯಿತು. ಒಳಗೆ ಒಂದೇ ಸಾಲಿತ್ತು: ಈ ಡಿಸೈನನ್ನು ಹಬ್ಬದ ನಂತರ ನೋಡಬಹುದು.

“ಎಲ್ಲಿ ಹೋಯ್ತಮ್ಮ ಡಿಸೈನು?” ಚೌಡಯ್ಯನವರು ಮೈಕಿನಲ್ಲೇ ಕೇಳಿದರು.

“ಮಗ್ಗದ ಮೇಲಿದೆ ಸಾರ್” ಎಂದಳು ಅರುಣಾ.

“ನಾನೇ ತೆಗ್ಸಿದ್ದು ಕಣಣ್ಣ” ಎಂದರು ನಾಗಲಕ್ಷ್ಮಮ್ಮ.

ದಾನಿಗಳಲ್ಲೊಬ್ಬರು ಬೀಗ ಬಹಳ ಗಟ್ಟಿಯಾಗಿದೆ ಎಂದು ಮೆಚ್ಚಿಕೊಂಡು ಚಪ್ಪಾಳೆ ತಟ್ಟಿದರು. ಫೋನ್ ಇನ್ನೂ ಸ್ಪೀಕರ್‌ನಲ್ಲೇ ಇತ್ತು.

“ಅಣ್ಣ, ಇನ್ನೊಂದ್ ನಂಬರ್ ಬಂತು” ಎಂದ ದೇವೇಂದ್ರ. “ಇದು ಗ್ಯಾಸ್‌ದು.”

ನಾಗಲಕ್ಷ್ಮಮ್ಮ ಎದ್ದು ನಿಂತು, ಪಕ್ಕದವರಿಂದ ಪೆನ್ನು ಈಸಿಕೊಂಡು ಅಂಗೈ ಚಾಚಿದರು.

“ನಂದೇ ಇರ್ಬೇಕು. ಓದಪ್ಪಾ.”