ಕೊರಳ ಮೇಲೆ ಕೈ

ತೀರಿಕೊಂಡ ಅಕ್ಕನ ಎದೆಯ ಮೇಲಿಂದ ರೀತ್ ಎಂಬ ಹೂಚಕ್ರವನ್ನು ಎತ್ತಿಕೊಂಡು ಹೋಗಿ ವೇದವತಿ ಅದನ್ನು ಗೇಟಿನ ಹೊರಗೆ ಸ್ಕೂಲ್ ಬಸ್ಸಿನ ಚಕ್ರಕ್ಕೆ ಒರಗಿಸಿಟ್ಟು ಬಂದಳು. ಕೊಚ್ಚಿಯ ಕಲೂರಿನ ಆ ಪುಟ್ಟ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದವರೆಲ್ಲ ಎದ್ದು ನಿಂತರು. ರೀತ್ ತಂದವರು ಸಾಮಾನ್ಯರೇ? ಅಕ್ಕ ಚಂದ್ರಾವತಿ ಆಯುಷ್ಯವೆಲ್ಲ ಸವೆಸಿದ ಶಾಲೆಯ ಮ್ಯಾನೇಜರ್ ರಾಮದಾಸ್.

"ಎಂತ ಮಾಡಿದ್ದು ವೇದಾ ನೀನು?" ಭಾವ ರಘುರಾಮ ಪಿಸುಗುಟ್ಟಿದರು. ಹೈಕೋರ್ಟಿನಲ್ಲಿ ಗುಮಾಸ್ತರಾಗಿದ್ದ ಅವರಿಗೆ ಯಾರಿಗೂ ಎದುರು ಮಾತಾಡಿ ಅಭ್ಯಾಸವಿರಲಿಲ್ಲ.

"ನಮ್ಮಲ್ಲಿ ಬಾಯಿಗೆ ತುಳಸಿ ನೀರು ಬಿಡುದು ಭಾವ, ಎದೆ ಮೇಲೆ ಶಾಲೆಯ ಬೋರ್ಡು ಇಡುದಲ್ಲ. ರಿಬ್ಬನಿನಲ್ಲಿ ಎಂತ ಬರೆದದ್ದು ನೋಡಿದ್ರಾ? ನಮ್ಮ ಪ್ರೀತಿಯ ಫೋನಿಕ್ಸ್ ಟೀಚರಿಗೆ ಅಂತೆ! ನಾಚಿಕೆ ಬೇಡ್ವಾ ಅವರಿಗೆ?"

"ವೇಂಡ ಚಿಕ್ಕಮ್ಮ, ವೇಂಡ," ಎಂದು ಅಕ್ಕನ ಮಗಳು ದೀಪ್ತಿ ಅವಳ ಸೆರಗು ಹಿಡಿದಳು. ಕೊಚ್ಚಿಯಲ್ಲಿ ಬೆಳೆದ ಹುಡುಗಿಗೆ ಬೇಡ ಎನ್ನುವುದೂ ಮಲಯಾಳಂನಲ್ಲೇ ಬರುವುದು.

*

ಚಂದ್ರಾವತಿ ಒಂದನೇ ಕ್ಲಾಸಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಮೊದಲು ಅಕ್ಷರದ ಸದ್ದು, ಆಮೇಲೆ ಅದರ ಹೆಸರು. ಮನೆಯಲ್ಲಿ ಮಲಯಾಳಂ ಬಿಟ್ಟು ಬೇರೇನೂ ಕೇಳದ ಮಕ್ಕಳು ‘ಝೂ’ ಎನ್ನಲು ಹೋಗಿ ‘ಸೂ’ ಎನ್ನುತ್ತಿದ್ದವು. ಅವಳು ಗದರುತ್ತಿರಲಿಲ್ಲ. ಮಗುವಿನ ಒಂದು ಕೈಯನ್ನು ತನ್ನ ಕೊರಳ ಮೇಲೂ ಇನ್ನೊಂದನ್ನು ಅದರದೇ ಕೊರಳ ಮೇಲೂ ಇಡಿಸಿ, ‘ಝ್‌ಝ್‌ಝ್’ ಎಂದು ದುಂಬಿಯಂತೆ ಗುಂಯ್ಗುಡುತ್ತಿದ್ದಳು. ಟೀಚರ ಕೊರಳಿನ ನಡುಕ ತನ್ನ ಕೊರಳಲ್ಲೂ ಸಿಗುವವರೆಗೆ ಮಗು ಹುಡುಕುತ್ತಿತ್ತು. ಟೀಚರ್ ಶುರು ಮಾಡದೆ ಯಾರೂ ಶುರು ಮಾಡಬಾರದು ಎಂಬುದೊಂದೇ ಅಲ್ಲಿನ ನಿಯಮ.

ಶಾಲೆಯ ವಾರ್ಷಿಕೋತ್ಸವಕ್ಕೆ ತಿರುವನಂತಪುರದಿಂದ ಬಂದ ಅತಿಥಿಯೊಬ್ಬರು ಆಟೋ ಇಬ್ರಾಹಿಂನ ಮಗಳು ಶಹನಾಳನ್ನು ವೇದಿಕೆಗೆ ಕರೆದು, ಎಬಿಸಿಡಿ ಹೇಳು ಎಂದರು. ಮಗು ಕಲಿತ ಹಾಗೆ ‘ಆ್ಯ, ಬ್, ಕ್’ ಎಂದಿತು. ಸಭೆಗೆ ಸಭೆಯೇ ಗೊಳ್ಳೆಂದಿತು. ಮಗು ಅಳುತ್ತ ಇಳಿದು ಬಂದು ಟೀಚರ ಮಡಿಲು ಸೇರಿತು.

"ಶಾಲೆಯ ಮಾನ ಹರಾಜಾಯ್ತು," ಎಂದ ರಾಮದಾಸ್ ಮರುದಿನವೇ ಚಂದ್ರಾವತಿಯನ್ನು ಲೈಬ್ರರಿಗೆ ಹಾಕಿದರು. ಅಲ್ಲಿ ಅವಳು ಪುಸ್ತಕಗಳಿಗೆ ಹೊದಿಕೆ ಹಾಕುತ್ತ ಕೂತಳು. ಇಂಟರ್ವಲ್ ಗಂಟೆ ಹೊಡೆದರೆ ಮಕ್ಕಳು ಅಲ್ಲಿಗೂ ಓಡಿ ಬಂದು ಅವಳ ಕೊರಳಿಗೆ ಕೈ ಚಾಚುತ್ತಿದ್ದವು.

*

ಕೆಲವು ವರ್ಷಗಳಲ್ಲಿ ಗಾಳಿ ತಿರುಗಿತು. ಸದ್ದಿನಿಂದ ಅಕ್ಷರ ಕಲಿಸುವ ಅದೇ ಕ್ರಮಕ್ಕೆ ಫೋನಿಕ್ಸ್ ಎಂಬ ಹೆಸರಿನಲ್ಲಿ ತಿರುವನಂತಪುರದ ದೊಡ್ಡ ಹೋಟೆಲಿನಲ್ಲಿ ತರಬೇತಿ ನಡೆಯಿತು. ಹೋಗುವ ಟೀಚರುಗಳೆಲ್ಲ ಹರೆಯದವರು, ಜೊತೆಗೊಬ್ಬ ಹಿರಿಯ ಹೆಂಗಸಿರಲಿ ಎಂದು ಚಂದ್ರಾವತಿಯನ್ನೂ ರೈಲು ಹತ್ತಿಸಿದರು. ರಾತ್ರಿ ಉಳಿಯಲು ಅವಳು ಅಲ್ಲೇ ಸೆಕ್ರೆಟೇರಿಯೆಟ್ಟಿನಲ್ಲಿ ಕೆಲಸದಲ್ಲಿದ್ದ ತಂಗಿ ವೇದವತಿಯ ಮನೆಗೆ ಬಂದಳು.

"ತರಬೇತಿ ಕೊಡುವವಳು ಎಲ್ಲರಿಗೂ ಕೊರಳ ಮೇಲೆ ಕೈ ಇಡ್ಲಿಕ್ಕೆ ಹೇಳಿದಳು ಮಾರಾಯ್ತಿ," ಎಂದು ನಕ್ಕಳು. "ನಮ್ಮ ಹುಡುಗಿಯರೆಲ್ಲ ಗಕ್ಕನೆ ತಿರುಗಿ ಹಿಂದಿನ ಸಾಲಲ್ಲಿದ್ದ ನನ್ನನ್ನೇ ನೋಡಿದ್ರು."

"ರಾಮದಾಸ್?"

"ಅವರು ಮುಂದೆ ಕೂತಿದ್ರು. ತಿರುಗಲಿಲ್ಲ."

"ಕ್ಲಾಸು ವಾಪಸು ಕೊಡಿ ಅಂತ ಕೇಳ್ಲಿಲ್ವಾ ನೀನು?"

"ಕೇಳಿದೆ. ಸರ್ಟಿಫಿಕೇಟು ಇದ್ದವರಿಗೆ ಮಾತ್ರ ಅಂತೆ. ನನ್ನ ಹೆಸರು ಕೊಟ್ಟಿರಲಿಲ್ಲ, ನಾನು ಜೊತೆಗೆ ಬಂದವಳಲ್ವಾ?" ಅಕ್ಕ ಸಾರು ಬಡಿಸಿಕೊಂಡಳು. ವೇದವತಿಗೆ ರಾಮದಾಸರ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಸಿಟ್ಟು ಅಕ್ಕನ ನಗುವಿನ ಮೇಲೂ ಬಂತು.

*

ಈ ಊರಿನಲ್ಲಿ ಸಂತಾಪದ ಸಭೆ ನಡೆಯುವುದು ಮಸಣದಿಂದ ಬಂದ ಮೇಲೆ. ರಾಮದಾಸರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಫೋನಿಕ್ಸ್ ಕಲಿಕೆಗಾಗಿ ಶಾಲೆಗೆ ಬಂದ ಪ್ರಶಸ್ತಿಯನ್ನು ಸಂಜೆ ತಿರುವನಂತಪುರದಲ್ಲಿ ಅವರೇ ಕೈಯಾರೆ ತೆಗೆದುಕೊಳ್ಳಬೇಕಿತ್ತು. ಹೆಣ ಇನ್ನೂ ಅಂಗಳದಲ್ಲಿರುವಾಗಲೇ, ಬಸ್ಸಿನಲ್ಲಿ ತುಂಬಿ ತಂದ ಯೂನಿಫಾರ್ಮಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಭಾಷಣ ಶುರು ಮಾಡಿದರು.

"ಚಂದ್ರಾವತಿ ಟೀಚರಿಗೆ ನಮ್ಮ ಮ್ಯಾನೇಜ್‌ಮೆಂಟ್ ಕೊಟ್ಟ ಪ್ರೋತ್ಸಾಹದಿಂದ..."

"ನಿಲ್ಲಿಸಿ!" ಎಲ್ಲರಿಗೂ ಅರ್ಥವಾಗಲಿ ಎಂದು ವೇದವತಿ ಮಲಯಾಳಂನಲ್ಲೇ ಕೂಗಿದಳು. "ಅವಳನ್ನು ಕ್ಲಾಸಿನಿಂದ ಯಾಕೆ ತೆಗೆದಿರಿ, ಅದನ್ನು ಮೊದಲು ಹೇಳಿ. ಹೇಳಿದರೆ ಆ ರೀತ್ ನಾನೇ ತಂದು ಇಡ್ತೇನೆ."

"ಚೇಚಿ, ಸಾವಿನ ಮನೆಯಲ್ಲಿ ಇಂಥ ಮಾತೆಲ್ಲ ಯಾಕೆ?" ರಾಮದಾಸ್ ಅವಳನ್ನು ಅಕ್ಕ ಎಂದೇ ಕರೆದು ಕೇಳಿದರು.

"ಸಾವಿನ ಮನೆಯಲ್ಲಿ ಸುಳ್ಳು ಹೇಳಬಹುದಾ?"

ರಘುರಾಮ ನೆಲ ನೋಡಿದರು. ರಾಮದಾಸ್ ಮಕ್ಕಳ ಕಡೆ ತಿರುಗಿ, "ಈಗ ಒಂದು ನಿಮಿಷ ಮೌನ," ಎಂದು ಕಣ್ಣು ಮುಚ್ಚಿಕೊಂಡರು. ಎಲ್ಲರೂ ತಲೆ ತಗ್ಗಿಸಿದರು. ಒಡಹುಟ್ಟಿದವಳಿಗಾಗಿ ಎಲ್ಲರೂ ಮೌನವಾಗಿ ನಿಂತಿರುವಾಗ ವೇದವತಿ ಹೇಗೆ ಬಾಯಿ ತೆರೆದಾಳು? ಎಂಥ ಜಾಣ ಮನುಷ್ಯ!

ಆಗ ಸಾಲಿನಿಂದ ಶಹನಾ ಹೊರಬಂದಳು. ಈಗ ಉದ್ದಕ್ಕೆ ಬೆಳೆದಿದ್ದಳು. ಹೆಣದ ಪಕ್ಕ ಮೊಣಕಾಲೂರಿ ಬಲಗೈಯನ್ನು ಟೀಚರ ಕೊರಳ ಮೇಲೆ, ಎಡಗೈಯನ್ನು ತನ್ನ ಕೊರಳ ಮೇಲೆ ಇಟ್ಟುಕೊಂಡಳು. ಟೀಚರ್ ಶುರು ಮಾಡಲಿ ಎಂದು ಕಾದಳು.

ನಿಮಿಷ ಎಂದೋ ಮುಗಿದಿತ್ತು. ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ. ರಾಮದಾಸ್ ಕಣ್ಣು ಬಿಟ್ಟು, "ಸಾಕು ಮೋಳೇ, ಏಳು," ಎಂದು ಮಗಳನ್ನು ಕರೆದಂತೆ ಹೇಳಿದರು.

ಶಹನಾ ಏಳಲಿಲ್ಲ. ಮೊದಲ ಬಾರಿಗೆ ನಿಯಮ ಮುರಿದು, ತಾನೇ ಶುರು ಮಾಡಿದಳು. ‘ಝ್‌ಝ್‌ಝ್.’ ಸಾಲಿನಲ್ಲಿದ್ದ ಮಕ್ಕಳ ಕೈಗಳು ಒಂದೊಂದಾಗಿ ಕೊರಳಿಗೆ ಹೋದವು. ಹಿಂದೆ ನಿಂತಿದ್ದ ಹರೆಯದ ಟೀಚರುಗಳ ಕೈಗಳೂ ಹೋದವು. ಅಂಗಳವೆಲ್ಲ ಗುಂಯ್ಗುಡತೊಡಗಿತು. ರಾಮದಾಸ್ ಏನೋ ಹೇಳುತ್ತಿದ್ದರು, ತುಟಿ ಆಡುವುದು ಮಾತ್ರ ಕಾಣುತ್ತಿತ್ತು.

ಹುಡುಗಿಯ ಬಲಗೈ ಮಾತ್ರ ತಣ್ಣಗಾದ ಆ ಕೊರಳ ಮೇಲೆ, ಬೆರಳು ಅರಳಿಸಿಕೊಂಡು, ಇನ್ನೂ ಹುಡುಕುತ್ತಲೇ ಇತ್ತು.